ಹಳೆಯ ಹಾದಿಯೂ ನಮ್ಮ ಆರೋಗ್ಯವೂ

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ಆದರೆ ಬ್ಯಾಂಕಿನ ಅಧಿಕಾರಿಯಾದವನಿಗೆ ಕೋಶವೆಂದರೆ ಹಣದ ಕೋಶವೇ ಆಗಿ, ದೇಶವೆಂದರೆ ವರ್ಗಾವಣೆಯ ಆದೇಶದಲ್ಲಿ ನಮೂದಾದ ಊರುಗಳಷ್ಟೇ ಆಗಿಬಿಡುವುದುಂಟು. ಇಪ್ಪತ್ತು ವರ್ಷಗಳಿಗೂ ಮಿಕ್ಕು ಕುರ್ಚಿಯ ಮೇಲೆ ಕುಳಿತೇ ಅನ್ನ ಸಂಪಾದಿಸಿದ ನನ್ನ ಸ್ಥಿತಿಯೂ ಇದೇ ಆಗಿತ್ತು.

ನಲವತ್ತಮೂರನೆಯ ವಯಸ್ಸಿನಲ್ಲಿ ವೈದ್ಯರು ನನ್ನ ರಕ್ತಪರೀಕ್ಷೆಯ ವರದಿಯನ್ನು ನೋಡಿ, ಸಕ್ಕರೆಯ ಪ್ರಮಾಣವು ಗಡಿರೇಖೆಯ ಮೇಲೆ ಬಂದು ನಿಂತಿದೆಯೆಂದರು. ಇದೇ ವ್ಯಾಧಿಯಿಂದ ನನ್ನ ತಂದೆಯವರು ಕಡೆಗಾಲದಲ್ಲಿ ದೃಷ್ಟಿ ಕಳೆದುಕೊಂಡುದನ್ನು ಕಣ್ಣಾರೆ ಕಂಡಿದ್ದ ನನಗೆ ಬೇರೆ ಉಪದೇಶ ಬೇಕಾಗಲಿಲ್ಲ. ಮರುದಿನವೇ ಬಡಾವಣೆಯ ಉದ್ಯಾನದಲ್ಲಿ ನಡಿಗೆಯನ್ನು ಆರಂಭಿಸಿದೆ. ಅದೇ ಸುತ್ತು, ಅದೇ ಬೆಂಚು, ಅದೇ ರಾಜಕೀಯ ಚರ್ಚೆ. ಮೂರು ತಿಂಗಳೊಳಗೆ ಬೇಸರ ಹುಟ್ಟಿತು, ನಡಿಗೆ ನಿಂತಿತು. ದೇಹ ಒಪ್ಪಿದರೂ ಮನಸ್ಸು ಒಪ್ಪದ ವ್ಯಾಯಾಮವು ಬಹುಕಾಲ ನಿಲ್ಲಲಾರದು ಎಂಬುದನ್ನು ಅಂದು ಕಲಿತೆ.

ಮಗನು ಕಾಲೇಜು ಸೇರಿದ ಮೇಲೆ ಮನೆಯ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿದ್ದ ಸೈಕಲ್ಲನ್ನು ಒಂದು ಡಿಸೆಂಬರ್ ತಿಂಗಳ ಭಾನುವಾರ ಹೊರತೆಗೆದೆ. ನಸುಕಿನಲ್ಲಿಯೇ ಮೆಹದೀಪಟ್ಟಣದಿಂದ ಹೊರಟು, ಲಂಗರ್ ಹೌಸ್ ದಾಟಿ, ವಿಜಾಪುರದ ರಸ್ತೆಯನ್ನು ಹಿಡಿದೆ. ಹೈದರಾಬಾದಿನ ಕನ್ನಡಿಗರಲ್ಲಿ ಅನೇಕರಿಗೆ ಇದು ಊರಿನ ದಾರಿ. ಚೇವೆಳ್ಳ, ಪರಿಗಿ, ಕೊಡಂಗಲ್‌ಗಳ ಮೂಲಕ ಅದು ಕನ್ನಡ ನಾಡನ್ನು ಸೇರುತ್ತದೆ. ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಗುಲ್ಬರ್ಗಾ ಜಿಲ್ಲೆಗೇ ಸೇರಿದ್ದವೆಂಬುದನ್ನು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಬಲ್ಲರು? ನನ್ನ ತಾಯಿಯವರ ತವರು ಸೇಡಂ ಕಡೆಯದು. ಮೂವತ್ತು ವರ್ಷಕಾಲ ನಾನು ಇದೇ ದಾರಿಯಲ್ಲಿ ಬಸ್ಸಿನಲ್ಲಿ ನಿದ್ದೆಮಾಡುತ್ತ ಓಡಾಡಿದ್ದೆ. ಅದನ್ನು ಕಣ್ತೆರೆದು ನೋಡಿದುದು ಸೈಕಲ್ಲಿನ ಮೇಲೆಯೇ.

ನೋಡಬೇಕಾದುದು ಅಲ್ಲಿ ಬಹಳವಿದೆ. ದಾರಿಯ ಒಂದು ಕಡೆಗೆ ಹಿಮಾಯತ್ ಸಾಗರ, ಇನ್ನೊಂದು ಕಡೆಗೆ ಗಂಡಿಪೇಟೆಯ ಉಸ್ಮಾನ್ ಸಾಗರ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯು ಉಕ್ಕಿ ನಗರವನ್ನು ಹಾಳುಗೆಡವಿದಾಗ, ಪರಿಹಾರ ಸೂಚಿಸಲು ನಿಜಾಮ ಸರಕಾರವು ಆಹ್ವಾನಿಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯ ಫಲವಾಗಿ ಉಸ್ಮಾನ್ ಸಾಗರವು 1920ರಲ್ಲಿಯೂ, ಹಿಮಾಯತ್ ಸಾಗರವು 1927ರಲ್ಲಿಯೂ ಸಿದ್ಧವಾದವು. ಈ ಜಲಾಶಯಗಳ ರಕ್ಷಣೆಗಾಗಿ 1996ರಲ್ಲಿ ಹೊರಡಿಸಿದ 111ನೆಯ ಸರಕಾರಿ ಆದೇಶವು ಸುತ್ತಲಿನ 84 ಹಳ್ಳಿಗಳಲ್ಲಿ ಕಟ್ಟಡಗಳಿಗೆ ಕಡಿವಾಣ ಹಾಕಿತು. ಮಹಾನಗರದ ಬಾಗಿಲಿನಲ್ಲಿಯೇ ಹೊಲ, ತೋಟ, ಬೇಲಿಸಾಲಿನ ಹಾದಿಗಳು ಉಳಿದು ಬಂದುದಕ್ಕೆ ಅದು ಮುಖ್ಯ ಕಾರಣ. ಆ ಆದೇಶವು 2022ರಲ್ಲಿ ಸಡಿಲಗೊಂಡಿದೆ. ಅಂದರೆ ಈ ಹಾದಿಗಳ ಆಯುಷ್ಯವೂ ಇನ್ನು ಅನಿಶ್ಚಿತವೇ.

ಮೊಯಿನಾಬಾದನ್ನು ದಾಟಿದ ಮೇಲೆ ಆಲದ ಮರಗಳ ಸಾಲು. ನಿಜಾಮರ ಕಾಲದಲ್ಲಿ ನೆಟ್ಟವೆಂದು ಹೇಳಲಾಗುವ ಈ ಮರಗಳ ಸಂಖ್ಯೆ ಸುಮಾರು ಒಂಬೈನೂರು. ಚಳಿಗಾಲದ ಬೆಳಗಿನಲ್ಲಿ ಅವುಗಳ ಕೆಳಗೆ ಮಂಜು ತಂಗಿರುತ್ತದೆ, ಬಿಳಲುಗಳಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ರಸ್ತೆಯನ್ನು ನೇರಗೊಳಿಸಿದೆಡೆಗಳಲ್ಲಿ ಹಳೆಯ ತಿರುವುಗಳು ಪಕ್ಕದಲ್ಲಿಯೇ ಹುಲ್ಲು ಬೆಳೆದು ಬಿದ್ದಿವೆ. ಅಂತಹ ಒಂದು ತಿರುವಿನಲ್ಲಿ ಅಕ್ಷರ ಮಾಸಿದ ಮೈಲುಗಲ್ಲೊಂದನ್ನು ಕಂಡೆ. ಮನೆಗೆ ಬಂದು ಹೇಳಿದಾಗ ತಾಯಿಯವರು ಕಲ್ಲಿನ ವಿಷಯವನ್ನು ಬಿಟ್ಟು, “ಆಲದ ಗಿಡದ ನೆಳ್ಳು ಇನ್ನಾ ಅದೇನಪಾ?” ಎಂದು ಕೇಳಿದರು. ತವರಿನ ದಾರಿಯನ್ನು ಅವರು ನೆನಪಿಟ್ಟುಕೊಂಡಿದ್ದುದು ಆ ನೆರಳಿನಿಂದ.

ಅಪ್ಪಾ ಜಂಕ್ಷನ್ನಿನಿಂದ ಮನ್ನೆಗೂಡದವರೆಗಿನ ಸುಮಾರು 46 ಕಿಲೋಮೀಟರು ರಸ್ತೆಯನ್ನು ಅಗಲಗೊಳಿಸುವ ಯೋಜನೆ ಬಂದಾಗ, ಈ ಮರಗಳ ಪ್ರಶ್ನೆಯು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೇರಿತು. ಈ ರಸ್ತೆಯಲ್ಲಿ ಅಪಘಾತಗಳು ಹೆಚ್ಚು, ವಾಹನಗಳೂ ಹೆಚ್ಚು. ಅಗಲವಾದ ರಸ್ತೆ ಬೇಡವೆನ್ನುವಷ್ಟು ನಾನು ಅವಿವೇಕಿಯಲ್ಲ. ಆದರೆ ಹೊಸ ರಸ್ತೆಯು ಪಕ್ಕದಲ್ಲಿ ಹೋಗಲಿ. ಮರಗಳ ನಡುವಿನ ಹಳೆಯ ಹಾದಿಯು ಸೈಕಲ್ಲು, ಎತ್ತಿನ ಗಾಡಿ ಮತ್ತು ಪಾದಚಾರಿಗಳಿಗೆ ಮೀಸಲಾಗಲಿ ಎಂಬುದೇ ನನ್ನ ಅಭಿಪ್ರಾಯ. ಇದೇನೂ ಕನಸಿನ ಮಾತಲ್ಲ. ಇಂಗ್ಲೆಂಡಿನಲ್ಲಿ ಬ್ರಿಸ್ಟಲ್ ಮತ್ತು ಬಾತ್ ನಗರಗಳ ನಡುವಣ ಕೈಬಿಟ್ಟ ರೈಲುಮಾರ್ಗವನ್ನು 1986ರ ಹೊತ್ತಿಗೆ ಸುಮಾರು 21 ಕಿಲೋಮೀಟರುಗಳ ಸೈಕಲ್ ಹಾದಿಯನ್ನಾಗಿ ಮಾರ್ಪಡಿಸಿದರು.

ನಮ್ಮ ನಗರದಲ್ಲಿಯೂ ಹೊರವರ್ತುಲ ರಸ್ತೆಯ ಬದಿಯಲ್ಲಿ 2023ರಲ್ಲಿ ಸೌರಫಲಕಗಳ ಚಾವಣಿಯುಳ್ಳ 23 ಕಿಲೋಮೀಟರುಗಳ ಸೈಕಲ್ ಪಥವು ತೆರೆಯಿತು. ಅದು ಪ್ರಶಂಸನೀಯವಾದ ಕಾರ್ಯ. ಆದರೆ ವೇಗದ ಕಾರುಗಳ ಪಕ್ಕದಲ್ಲಿ ಸಾಗುವ ಆ ಪಥದಲ್ಲಿ ಹಳ್ಳಿಯಿಲ್ಲ, ಚಹಾದಂಗಡಿಯಿಲ್ಲ, “ಯಾವೂರು?” ಎಂದು ಕೇಳುವ ಮುದುಕನಿಲ್ಲ. ಕಾಲಿಗೆ ಕೆಲಸ ಸಿಕ್ಕಿದರೂ ಕುತೂಹಲಕ್ಕೆ ಕೆಲಸವಿಲ್ಲ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಪ್ರಮಾಣದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉದ್ಯಾನದಲ್ಲಿ ನಾನು ಆ ನಿಮಿಷಗಳನ್ನು ಎಣಿಸುತ್ತಿದ್ದೆ. ಹಳೆಯ ಹಾದಿಯಲ್ಲಿ ಅವು ಎಣಿಕೆಗೆ ಸಿಗದೆ ಕಳೆದುಹೋದವು. ಎರಡು ಚಳಿಗಾಲಗಳು ಸಂದಿವೆ. ಗಡಿರೇಖೆಯ ಮೇಲಿದ್ದ ಸಕ್ಕರೆ ಒಂದು ಹೆಜ್ಜೆ ಹಿಂದಕ್ಕೆ ಸರಿದಿದೆ. ಸೈಕಲ್ಲಿನ ಜೊತೆಗೆ ಊಟದ ಮಿತಿಯೂ ಇದಕ್ಕೆ ಕಾರಣವೆಂದು ನನ್ನ ಪತ್ನಿಯವರು ಹೇಳುವುದು ಸುಳ್ಳಲ್ಲ.

ಈ ಹವ್ಯಾಸಕ್ಕೆ ತೊಡಗುವವರಿಗೆ ನಾಲ್ಕು ಮಾತು. ನಲವತ್ತು ದಾಟಿದವರೂ, ಹೃದ್ರೋಗ ಅಥವಾ ಉಬ್ಬಸ ಉಳ್ಳವರೂ ಮೊದಲು ವೈದ್ಯರನ್ನು ಕಾಣತಕ್ಕದ್ದು, ಏಕೆಂದರೆ ತಣ್ಣನೆಯ ಗಾಳಿ ಎಲ್ಲರಿಗೂ ಹಿತವಲ್ಲ. ಸಕ್ಕರೆಯ ಮಾತ್ರೆ ಸೇವಿಸುವವರು ಬರಿಯ ಹೊಟ್ಟೆಯಲ್ಲಿ ಹೊರಡಬಾರದು. ಜೇಬಿನಲ್ಲಿ ಒಂದಿಷ್ಟು ಸಿಹಿ ಇರಲಿ. ಶಿರಸ್ತ್ರಾಣವನ್ನೂ, ಹಿಂದೆ ಮುಂದೆ ದೀಪಗಳನ್ನೂ ಮರೆಯಬಾರದು. ಮಂಜು ದಟ್ಟವಾಗಿದ್ದರೆ ಹೆದ್ದಾರಿಗೆ ಇಳಿಯದೆ ಚಹಾದಂಗಡಿಯಲ್ಲಿ ಕಾಯುವುದೇ ಜಾಣತನ. ಒಂಟಿಯಾಗಿ ಹೋಗುವುದಕ್ಕಿಂತ ಇಬ್ಬರು ಮೂವರು ಕೂಡಿ ಹೋಗುವುದು ಲೇಸು.

ನಮ್ಮ ಸಂಘವು ವರ್ಷಕ್ಕೊಮ್ಮೆ ರಾಜ್ಯೋತ್ಸವವನ್ನು ಸಂಭ್ರಮದಿಂದ ಆಚರಿಸುತ್ತದೆ. ಅದರೊಡನೆ ಸಂಕ್ರಾಂತಿಗೆ ಮುಂಚಿನ ಒಂದು ಭಾನುವಾರ ಸದಸ್ಯರೂ ಮಕ್ಕಳೂ ಕೂಡಿ ಸೈಕಲ್ಲಿನಲ್ಲಿ ಆಲದ ಸಾಲಿನವರೆಗೆ ಹೋಗಿಬರುವ ಏರ್ಪಾಡನ್ನು ಕಾರ್ಯಕಾರಿ ಸಮಿತಿಯವರು ಮಾಡಬಾರದೇಕೆ? ದೂರ ಹೋಗಲಾರದವರು ಮೊಯಿನಾಬಾದಿನಿಂದ ಆರಂಭಿಸಬಹುದು. ಜನರು ಬಳಸುವ ಹಾದಿಯನ್ನು ಅಳಿಸುವುದು ಸುಲಭವಲ್ಲ. ಯಾರೂ ಹೋಗದ ಹಾದಿಯ ಪರವಾಗಿ ಮಾತನಾಡುವವರೂ ಇರುವುದಿಲ್ಲ. ಮೊದಲ ಹೆಸರು ನನ್ನದೆಂದು ಸಮಿತಿಯವರು ಬರೆದುಕೊಳ್ಳಲಿ.