ಸುಂಕದವನ ಮುಂದೆ ಸುಖದುಃಖ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಫಲ ಎಂದು ನಮ್ಮಲ್ಲೊಂದು ಮಾತಿದೆ. ಸುಂಕದ ಕಟ್ಟೆಯಲ್ಲಿ ಕೂತವನಿಗೆ ಕೈ ಮಾತ್ರ ಇರುತ್ತದೆ, ಕಿವಿ ಇರುವುದಿಲ್ಲ ಎಂಬುದು ಅದರ ಇಂಗಿತ. 2025ರ ಆಗಸ್ಟ್ 27ರಂದು ಅಮೆರಿಕ ಭಾರತದ ಸರಕುಗಳ ಮೇಲಿನ ಸುಂಕವನ್ನು ಶೇಕಡಾ 50ಕ್ಕೆ ಏರಿಸಿದಾಗ ನಮ್ಮವರೇ ಕೆಲವರು ಒಳಗೊಳಗೇ ಹಿಗ್ಗಿದ್ದನ್ನು ನಾವು ಕಂಡಿದ್ದೇವೆ. ಜುಮಾ ನಮಾಜು ಮುಗಿಸಿ, ಮಸೀದಿಯ ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತಾ, "2019ರಲ್ಲಿ ಹೂಸ್ಟನ್ನಿನಲ್ಲಿ ಕೈಕೈ ಹಿಡಿದು ಮೈದಾನ ಸುತ್ತಿದರಲ್ಲ, ಈಗ ಅನುಭವಿಸಲಿ" ಎಂದು ಒಬ್ಬರೆಂದರೆ ನಾಲ್ವರು ನಕ್ಕರು. ನಕ್ಕವರಲ್ಲಿ ನಾವೂ ಒಬ್ಬರು ಎಂಬುದನ್ನು ಮುಚ್ಚಿಡುವುದಿಲ್ಲ.

ಆದರೆ ಅನುಭವಿಸಿದವರು ಯಾರು? ಸುಂಕವನ್ನು ಕಟ್ಟುವವನು ಅಮೆರಿಕದ ಆಮದುದಾರ. ಅವನು ಆ ಹೊರೆಯನ್ನು ಒಬ್ಬನೇ ಹೊರಲು ಸಿದ್ಧನಿಲ್ಲದೆ ಇಲ್ಲಿನ ಕಾರ್ಖಾನೆಯವನಿಗೆ ದರ ಇಳಿಸು ಎನ್ನುತ್ತಾನೆ, ಇಲ್ಲವೇ ಆರ್ಡರನ್ನೇ ರದ್ದು ಮಾಡುತ್ತಾನೆ. ಕಾರ್ಖಾನೆಯವನು ತನ್ನ ಪಾಲಿನದನ್ನು ತುಂಡುಗುತ್ತಿಗೆಯ ಕೂಲಿಯವನ ತಲೆಗೆ ದಾಟಿಸುತ್ತಾನೆ. ಹೀಗೆ ವಾಷಿಂಗ್ಟನ್ನಿನಲ್ಲಿ ಹಾಕಿದ ಒಂದು ಸಹಿಯ ಭಾರ ಮುರಾದಾಬಾದಿನಲ್ಲಿ ಹಿತ್ತಾಳೆಗೆ ಪಾಲಿಶ್ ಹಾಕುವವನ, ಭದೋಹಿಯಲ್ಲಿ ಜಮಖಾನೆ ನೇಯುವವನ, ಆಂಬೂರು ವಾಣಿಯಂಬಾಡಿಗಳಲ್ಲಿ ಚರ್ಮ ಹದ ಮಾಡುವವನ ಮೇಲೆ ಬಂದು ಕೂರುತ್ತದೆ. ಇವರಲ್ಲಿ ಎಷ್ಟು ಜನ ನಮ್ಮವರೇ ಎಂದು ನಾವು ಹೇಳಬೇಕಾಗಿಲ್ಲ. ಬೆಂಗಳೂರಿನ ಪೀಣ್ಯದಲ್ಲಿ, ಮೈಸೂರು ರಸ್ತೆಯಲ್ಲಿ ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ಗಾರ್ಮೆಂಟ್ಸಿಗೆ ಓಡುವ ಹೆಣ್ಣುಮಕ್ಕಳು ಯಾವ ಜಾತಿಯವರೆಂದು ಸುಂಕ ಕೇಳುವುದಿಲ್ಲ. ಶತ್ರುವಿನ ಮನೆಗೆ ಬೆಂಕಿ ಬಿತ್ತೆಂದು ಚಪ್ಪಾಳೆ ತಟ್ಟುವವನು, ಆ ಮನೆಯ ಹಿತ್ತಿಲ ಕೋಣೆಯಲ್ಲಿ ತನ್ನ ಅಕ್ಕನೇ ಬಾಡಿಗೆಗಿದ್ದಾಳೆಂಬುದನ್ನು ಮರೆತಿರುತ್ತಾನೆ.

ಆಚೆಯವರದು ಇನ್ನೊಂದು ಬಗೆಯ ಮರುಳು. 2016ರಲ್ಲಿ ದಿಲ್ಲಿಯಲ್ಲಿ ಟ್ರಂಪ್ ಗೆಲುವಿಗಾಗಿ ಹವನ ಮಾಡಿದವರು ಮಾಡಿಸಿಕೊಂಡಿದ್ದೇನೆಂದು ಅವರೇ ಲೆಕ್ಕ ಹಾಕಿಕೊಳ್ಳಲಿ. ಅವರನ್ನು ಹಂಗಿಸುವುದು ಸುಲಭ. ನಮ್ಮ ಲೆಕ್ಕವೂ ಇದೆ. ಅರಬರೇ ಬಹುಸಂಖ್ಯಾತರಾಗಿರುವ ಮಿಚಿಗನ್ ರಾಜ್ಯದ ಡಿಯರ್‌ಬಾರ್ನ್ ನಗರದಲ್ಲಿ 2024ರ ನವೆಂಬರಿನಲ್ಲಿ ಉಳಿದೆಲ್ಲ ಅಭ್ಯರ್ಥಿಗಳಿಗಿಂತ ಹೆಚ್ಚು ಮತ ಪಡೆದವರು ಟ್ರಂಪ್. ಗಾಜಾದ ಹೆಣಗಳನ್ನು ನೋಡಿ ಬೈಡನ್ ಪಕ್ಷಕ್ಕೆ ಪಾಠ ಕಲಿಸುತ್ತೇವೆಂದು ಹೊರಟ ಆ ಜನರ ಸಿಟ್ಟನ್ನು ನಾವು ಹೀಗಳೆಯುವುದಿಲ್ಲ. ಆದರೆ ಚುನಾವಣೆಗೆ ಮುಂಚೆ ಮಿಚಿಗನ್ನಿನ ಕೆಲವು ಇಮಾಮರು ಅವರ ವೇದಿಕೆಯನ್ನೇ ಏರಿ ನಿಂತಿದ್ದರು. 2025ರ ಜೂನ್‌ನಲ್ಲಿ ಹನ್ನೆರಡು ದೇಶಗಳ ಜನರಿಗೆ ಅಮೆರಿಕದ ಬಾಗಿಲು ಮುಚ್ಚಿದಾಗ ಆ ಪಟ್ಟಿಯಲ್ಲಿ ಯಮನ್, ಸುಡಾನ್, ಲಿಬಿಯಾ, ಸೊಮಾಲಿಯಾ ಇದ್ದವು. ವೇದಿಕೆ ಏರಿದ್ದು ಲೆಕ್ಕಕ್ಕೆ ಬರಲಿಲ್ಲ.

ನಾವು ಓದಿದ ಉರ್ದು ಪಾಠಗಳಲ್ಲಿ ವಫಾದಾರಿ ದೊಡ್ಡ ಗುಣ. ನಮಕ್ ಹಲಾಲ್ ಎನ್ನಿಸಿಕೊಳ್ಳುವುದು ಗಂಡಸಿನ ಹಿರಿಮೆ. ಕನ್ನಡ ಶಾಲೆಗೆ ಬಂದರೆ ಅಲ್ಲಿಯೂ ಅದೇ: ಉಪ್ಪಿಟ್ಟವನ ಋಣ, ಜೋಳದ ಪಾಳಿ. ಎರಡೂ ಭಾಷೆಗಳು ಉಪ್ಪನ್ನು ಯಜಮಾನನ ಮನೆಯದೆಂದೇ ನಂಬಿ ಮಾತಾಡುತ್ತವೆ. ಉಪ್ಪು ಜನರ ಖಜಾನೆಯದಾದಾಗ ಋಣ ಯಾರಿಗೆ ಎಂಬ ಪ್ರಶ್ನೆಗೆ ಅಮೆರಿಕದ ಸಂವಿಧಾನ ಸ್ಪಷ್ಟ ಉತ್ತರ ಕೊಟ್ಟಿತ್ತು. ಅಲ್ಲಿನ ಅಧಿಕಾರಿ ಪ್ರಮಾಣ ಮಾಡುವುದು ಸಂವಿಧಾನದ ಹೆಸರಿಗೆ, ಅಧ್ಯಕ್ಷನ ಹೆಸರಿಗಲ್ಲ. 2017ರ ಜನವರಿಯಲ್ಲಿ ತಮ್ಮನ್ನು ಊಟಕ್ಕೆ ಕರೆದು, ಇಬ್ಬರೇ ಕೂತ ಮೇಜಿನಲ್ಲಿ ಟ್ರಂಪ್ ನಿಷ್ಠೆ ಕೇಳಿದರೆಂದು ಎಫ್‌ಬಿಐ ಮುಖ್ಯಸ್ಥರಾಗಿದ್ದ ಜೇಮ್ಸ್ ಕೋಮಿ ಅದೇ ಜೂನ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಪ್ರಮಾಣ ಮಾಡಿ ಹೇಳಿದರು. ಟ್ರಂಪ್ ಅದನ್ನು ಅಲ್ಲಗಳೆದರು. ಅಷ್ಟರೊಳಗೆ, ಮೇ ತಿಂಗಳಲ್ಲೇ, ಕೋಮಿಯ ನೌಕರಿ ಹೋಗಿತ್ತು.

ಅದು ಪೀಠಿಕೆ. ಎರಡನೇ ಸಲ ಗದ್ದುಗೆ ಏರಿದ ನಾಲ್ಕೇ ದಿನಕ್ಕೆ, 2025ರ ಜನವರಿ 24ರ ರಾತ್ರಿ, ಸುಮಾರು ಹದಿನೇಳು ಇನ್‌ಸ್ಪೆಕ್ಟರ್ ಜನರಲ್‌ಗಳನ್ನು ಮನೆಗೆ ಕಳಿಸಲಾಯಿತು. ಇಲಾಖೆಯೊಳಗೇ ಕೂತು ಇಲಾಖೆಯ ಲೆಕ್ಕ ಕೇಳುವ ಹುದ್ದೆ ಅದು. ನಮ್ಮ ಲೋಕಾಯುಕ್ತಕ್ಕೆ ಒಂದಿಷ್ಟು ಹೋಲಿಸಬಹುದು. (ಲೋಕಾಯುಕ್ತದ ಹಲ್ಲು ಕಿತ್ತು 2016ರಲ್ಲಿ ಎಸಿಬಿ ಮಾಡಿ, 2022ರಲ್ಲಿ ಹೈಕೋರ್ಟೇ ಅದನ್ನು ರದ್ದುಪಡಿಸುವವರೆಗೆ ಸುಮ್ಮನಿದ್ದ ನಾವು ಅಮೆರಿಕದವರಿಗೆ ಉಪದೇಶ ಮಾಡುವಾಗ ದನಿ ತಗ್ಗಿಸುವುದು ಲೇಸು.) ಮೂವತ್ತು ದಿನ ಮುಂಚಿತವಾಗಿ ಕಾರಣ ಸಹಿತ ಕಾಂಗ್ರೆಸಿಗೆ ತಿಳಿಸಬೇಕೆಂದು ಕಾನೂನಿದೆ. ಕಾನೂನು ಮುರಿದದ್ದು ನಿಜವೆಂದು ಆ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶೆಯೊಬ್ಬರು ಹೇಳಿದರೂ ಹೋದವರು ಮರಳಲಿಲ್ಲ. 2025ರ ಆಗಸ್ಟ್ 1ರಂದು ಉದ್ಯೋಗದ ಅಂಕಿಅಂಶ ಹೊರಬಿತ್ತು. ಮೇ, ಜೂನ್ ತಿಂಗಳಲ್ಲಿ ಮೊದಲು ಹೇಳಿದ್ದಕ್ಕಿಂತ 2,58,000 ಉದ್ಯೋಗ ಕಡಿಮೆಯೆಂದು ತಿದ್ದುಪಡಿ ಬಂತು. ಅಂದೇ ಆ ಇಲಾಖೆಯ ಆಯುಕ್ತೆ ಎರಿಕಾ ಮೆಕೆಂಟಾರ್ಫರ್ ವಜಾ. ಜ್ವರ ಹೆಚ್ಚಿದೆ ಎಂದ ಥರ್ಮಾಮೀಟರನ್ನು ಕಲ್ಲಿಗೆ ಅಪ್ಪಳಿಸಿದಂತೆ.

ಈ ಹಿನ್ನೆಲೆಯಲ್ಲಿ ಸುಂಕವನ್ನು ನೋಡಬೇಕು. ಸುಂಕ ಹಾಕುವ ಅಧಿಕಾರವನ್ನು ಅಮೆರಿಕದ ಸಂವಿಧಾನ ತನ್ನ ಮೊದಲ ವಿಧಿಯಲ್ಲೇ ಕಾಂಗ್ರೆಸಿಗೆ ಕೊಟ್ಟಿದೆ. ಆ ದೇಶ ಹುಟ್ಟಿದ್ದೇ ಸುಂಕದ ಜಗಳದಲ್ಲಿ. 1773ರಲ್ಲಿ ಬಾಸ್ಟನ್ನಿನವರು ಈಸ್ಟ್ ಇಂಡಿಯಾ ಕಂಪನಿಯ ಚಹಾವನ್ನು ಸಮುದ್ರಕ್ಕೆ ಚೆಲ್ಲಿದ್ದು ಚಹಾ ದುಬಾರಿಯಾಯಿತೆಂದಲ್ಲ, ಹೊಸ ಕಾಯ್ದೆಯಿಂದ ಅದು ಅಗ್ಗವೇ ಆಗಲಿತ್ತು. ತಮ್ಮನ್ನು ಕೇಳದೆ ತೆರಿಗೆ ಹಾಕಿದರೆಂದು. ಅದೇ ಬಂಡಾಯಗಾರರಲ್ಲಿ ಪೆನ್ಸಿಲ್ವೇನಿಯಾದವರು 1782ರಲ್ಲಿ ತಮ್ಮ ಯುದ್ಧನೌಕೆಯೊಂದಕ್ಕೆ ನಮ್ಮ ಶ್ರೀರಂಗಪಟ್ಟಣದ ಹೈದರ್ ಅಲಿಯ ಹೆಸರಿಟ್ಟಿದ್ದರು; ಆ ಹಡಗು ಡೆಲಾವೇರ್ ಕೊಲ್ಲಿಯಲ್ಲಿ ಬ್ರಿಟಿಷರ ನೌಕೆಯೊಂದನ್ನು ಸೆರೆ ಹಿಡಿಯಿತು.

ಆ ಜನರ ವಾರಸುದಾರರು ಮಾಡಿದ್ದೇನು? 1977ರ ತುರ್ತು ಅಧಿಕಾರದ ಕಾಯ್ದೆಯೊಂದರಲ್ಲಿ ಸುಂಕವೆಂಬ ಪದವೇ ಇಲ್ಲ. ಅದನ್ನು ಹಿಡಿದು 2025ರ ಏಪ್ರಿಲ್ 2ರಂದು ಅಧ್ಯಕ್ಷರು ಜಗತ್ತಿನ ಮೇಲೆ ಸುಂಕ ಸಾರಿದಾಗ, ಕೆನಡಾದ ಮೇಲಿನ ತುರ್ತುಸ್ಥಿತಿ ಸಾಕೆಂದ ತಮ್ಮದೇ ಪಕ್ಷದ ನಾಲ್ವರು ಸೆನೆಟರುಗಳನ್ನು ಹೆಸರು ಹಿಡಿದು ಬೈದರು. ಕೆಳಮನೆಯವರದಂತೂ ಕಥೆ ಬರೆಯುವ ನಮ್ಮ ಕಲ್ಪನೆಗೂ ಎಟುಕದ್ದು. ತುರ್ತುಸ್ಥಿತಿ ರದ್ದುಪಡಿಸುವ ನಿರ್ಣಯವನ್ನು ಇಂತಿಷ್ಟು ದಿನದೊಳಗೆ ಮತಕ್ಕೆ ಹಾಕಬೇಕೆಂದು ಕಾನೂನು ಹೇಳುತ್ತದೆ. ಮತಕ್ಕೆ ಹಾಕಿದರೆ ಯಾರು ಅಧ್ಯಕ್ಷರ ಕಡೆ, ಯಾರು ಜನರ ಕಡೆ ಎಂದು ಬಯಲಾಗುತ್ತದೆ. ಅದಕ್ಕೆ 2025ರ ಮಾರ್ಚ್‌ನಲ್ಲಿ ಅವರು ಒಂದು ನಿಯಮ ಪಾಸು ಮಾಡಿದರು: ಈ ಕಾನೂನಿನ ಮಟ್ಟಿಗೆ, ಅಧಿವೇಶನದಲ್ಲಿ ಉಳಿದ ದಿನಗಳು ದಿನಗಳೇ ಅಲ್ಲ. ಸೂರ್ಯ ಹುಟ್ಟಿದ, ಮುಳುಗಿದ, ಕ್ಯಾಲೆಂಡರ್ ಮಾತ್ರ ನಿಂತಿತು. ನಿಷ್ಠೆ ಎಂಬುದು ಮನುಷ್ಯನನ್ನು ಎಲ್ಲಿಯವರೆಗೆ ತಳ್ಳುತ್ತದೆ ನೋಡಿ.

ಆ ಸುಂಕಕ್ಕೆ ಪ್ರತಿಸುಂಕವೆಂದು ಹೆಸರು. ನೀವು ನಮಗೆ ಹಾಕಿದಷ್ಟು ನಾವು ನಿಮಗೆ ಎಂಬ ನ್ಯಾಯ. ಕೇಳಲು ಚೆನ್ನಾಗಿದೆ. ನಮ್ಮ ಮಿತ್ರರೊಬ್ಬರು, ಹಜ್ರತ್ ಉಮರ್(ರ)ರವರೂ ಹಾಗೇ ಮಾಡಿರಲಿಲ್ಲವೇ ಎಂದರು. ಮಾಡಿದ್ದರು ಎಂದೇ ಇಮಾಮ್ ಅಬೂ ಯೂಸುಫರ 'ಕಿತಾಬುಲ್ ಖರಾಜ್' ಹೇಳುತ್ತದೆ. ಪರದೇಶದಲ್ಲಿ ಮುಸ್ಲಿಮ್ ವರ್ತಕರಿಂದ ಹತ್ತರಲ್ಲೊಂದು ಪಾಲು ವಸೂಲು ಮಾಡುತ್ತಾರೆಂದು ಅಬೂ ಮೂಸಾ(ರ)ರವರು ಬರೆದಾಗ, ಅವರಿಂದ ನೀವೂ ಅಷ್ಟೇ ತೆಗೆದುಕೊಳ್ಳಿ ಎಂದು ಖಲೀಫರು ಉತ್ತರಿಸಿದರು. ಆದರೆ ಅಲ್ಲಿ ಅವರು ತೆಗೆದುಕೊಂಡದ್ದು ಎಷ್ಟೆಂದು ಗೊತ್ತಿತ್ತು. ಟ್ರಂಪರ ಪಟ್ಟಿಯಲ್ಲಿ ಬೇರೆ ದೇಶದವರು ಹಾಕುವ ಸುಂಕವನ್ನು ಯಾರೂ ಎಣಿಸಲೇ ಇಲ್ಲ. ಆ ದೇಶದೊಂದಿಗಿನ ವ್ಯಾಪಾರದ ಕೊರತೆಯನ್ನು ಆ ದೇಶದ ಆಮದಿನಿಂದ ಭಾಗಿಸಿ, ಬಂದದ್ದನ್ನು ಅರ್ಧ ಮಾಡಿ ಸುಂಕವೆಂದರು. ಅಮೆರಿಕನ್ನರಿಗೆ ಜೀನ್ಸ್ ಹೊಲಿದುಕೊಡುವ, ಅಮೆರಿಕದ ಸರಕು ಕೊಳ್ಳಲು ಕಾಸಿಲ್ಲದ ಬಡ ಲೆಸೊಥೊಗೆ ಶೇಕಡಾ 50 ಬಿದ್ದದ್ದು ಹೀಗೆ. ಮನುಷ್ಯರೇ ಇಲ್ಲದ, ಪೆಂಗ್ವಿನ್‌ಗಳಿರುವ ಹರ್ಡ್ ಮತ್ತು ಮೆಕ್‌ಡೊನಾಲ್ಡ್ ದ್ವೀಪಗಳಿಗೂ ಶೇಕಡಾ 10 ಬಿತ್ತು. ಬ್ರೆಜಿಲ್‌ನೊಂದಿಗಿನ ವ್ಯಾಪಾರದಲ್ಲಿ ಲಾಭ ಅಮೆರಿಕದ್ದೇ. ಆದರೂ ತಮ್ಮ ಸ್ನೇಹಿತ ಬೊಲ್ಸನಾರೋ ಮೇಲಿನ ವಿಚಾರಣೆ ನಿಲ್ಲಿಸಬೇಕೆಂದು ಜುಲೈನಲ್ಲಿ ಪತ್ರ ಬರೆದು ಅದಕ್ಕೂ ಶೇಕಡಾ 50 ಎಂದರು. ಅಲ್ಲಿನ ನ್ಯಾಯಾಲಯ ಹೆದರದೆ ಸೆಪ್ಟೆಂಬರಿನಲ್ಲಿ ಬೊಲ್ಸನಾರೋಗೆ 27 ವರ್ಷಕ್ಕೂ ಮಿಗಿಲಾದ ಶಿಕ್ಷೆ ವಿಧಿಸಿತು.

ಅದೇ ಕಿತಾಬಿನಲ್ಲಿ ಇನ್ನೊಂದು ಪ್ರಸಂಗವಿದೆ, ನಮ್ಮ ಮಿತ್ರರು ಅದನ್ನು ಓದಿರಲಿಲ್ಲ. ತಗ್ಲಿಬ್ ಬುಡಕಟ್ಟಿನ ಕ್ರೈಸ್ತನೊಬ್ಬ ಇಪ್ಪತ್ತು ಸಾವಿರ ದಿರ್ಹಮ್ ಬೆಲೆಯ ಕುದುರೆಯೊಂದಿಗೆ ಸುಂಕದ ಕಟ್ಟೆ ದಾಟುತ್ತಾನೆ. ಸುಂಕದ ಅಧಿಕಾರಿ ಝಿಯಾದ್ ಬಿನ್ ಹುದೈರ್ ಸಾವಿರ ದಿರ್ಹಮ್ ತೆಗೆದುಕೊಳ್ಳುತ್ತಾರೆ. ಅದೇ ವರ್ಷ ಅದೇ ಕುದುರೆಯೊಂದಿಗೆ ಹಿಂದಿರುಗುವಾಗ ಮತ್ತೆ ಸಾವಿರ ಕೇಳುತ್ತಾರೆ. ಆತ ನೇರ ಮಕ್ಕಾಕ್ಕೆ ಹೋಗಿ ಹಜ್ರತ್ ಉಮರ್(ರ)ರವರಿಗೆ ದೂರು ಹೇಳುತ್ತಾನೆ. ನಿನ್ನ ಕೆಲಸ ಆಯಿತು ಎಂಬರ್ಥದ ಒಂದೇ ಮಾತು ಹೇಳಿ ಖಲೀಫರು ಸುಮ್ಮನಾಗುತ್ತಾರೆ. ತನ್ನನ್ನು ಸಾಗಹಾಕಿದರೆಂದುಕೊಂಡು, ಇನ್ನೊಂದು ಸಾವಿರ ಕೊಡಲು ಮನಸ್ಸು ಗಟ್ಟಿ ಮಾಡಿ ಆತ ಹಿಂದಿರುಗಿದರೆ, ಪತ್ರ ಅವನಿಗಿಂತ ಮುಂಚೆಯೇ ತಲುಪಿರುತ್ತದೆ: ಒಮ್ಮೆ ಕೊಟ್ಟವನಿಂದ ಬರುವ ವರ್ಷದ ಇದೇ ದಿನದವರೆಗೆ ಏನನ್ನೂ ಕೇಳಬೇಡ. ದೂರು ತಂದವನು ಮುಸ್ಲಿಮನಲ್ಲ, ಮನ್ನಣೆಯ ಮನುಷ್ಯನೂ ಅಲ್ಲ. ಕೈಯಲ್ಲಿ ಕಾಣಿಕೆಯನ್ನು ಹಿಡಿದು ಬಂದಿರಲಿಲ್ಲ.

ಕಾಣಿಕೆಯ ಮಾತು ಬಂದದ್ದರಿಂದ ಹೇಳುತ್ತೇವೆ. 2025ರ ಆಗಸ್ಟ್ 6ರಂದು ಆಪಲ್ ಕಂಪನಿಯ ಟಿಮ್ ಕುಕ್ 24 ಕ್ಯಾರೆಟ್ ಚಿನ್ನದ ಪೀಠದ ಮೇಲಿಟ್ಟ ಗಾಜಿನ ಫಲಕವನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟರು. ಚಿಪ್‌ಗಳಿಗೆ ಶೇಕಡಾ 100ರ ಸುಂಕವೆಂದೂ, ಅಮೆರಿಕದಲ್ಲಿ ಹಣ ಹೂಡುವ ಇಂಥ ಕಂಪನಿಗಳಿಗೆ ಅದಿಲ್ಲವೆಂದೂ ಅಂದೇ ಘೋಷಣೆಯಾಯಿತು. ನವೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಉದ್ಯಮಿಗಳು ರೋಲೆಕ್ಸ್ ಗಡಿಯಾರವನ್ನೂ ಚಿನ್ನದ ಗಟ್ಟಿಯನ್ನೂ ಒಯ್ದರು. ಹತ್ತೇ ದಿನದಲ್ಲಿ ಆ ದೇಶದ ಸುಂಕ 39ರಿಂದ 15ಕ್ಕೆ ಇಳಿಯುವ ಒಪ್ಪಂದ ಬಂತು. ಇದರಿಂದಲೇ ಅದಾಯಿತೆಂದು ನಾವು ಹೇಳುವುದಿಲ್ಲ. ನಮ್ಮ ಹಳೇ ಮೈಸೂರಿನ ದರ್ಬಾರಿನಲ್ಲಿ ಇದಕ್ಕೆ ನಜರು ಎಂಬ ಚೊಕ್ಕ ಹೆಸರಿತ್ತು ಎಂದಷ್ಟೇ ಹೇಳುತ್ತೇವೆ. ದೇಶದೇಶಗಳ ಪ್ರಜೆಗಳ ಮೇಲೆ ಬೀಳುವ ತೆರಿಗೆಯೇ ಒಬ್ಬನ ಮರ್ಜಿಯಾದರೆ, ನಿಷ್ಠೆಗೂ ಒಂದು ದರಪಟ್ಟಿ ಬರುತ್ತದೆ.

ನಮಗೆ ಅಮೆರಿಕದ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ನಿಷ್ಠೆಯ ಸರ್ಟಿಫಿಕೇಟು ತೋರಿಸು ಎನ್ನುವ ಮಾತು ಕೇಳಿ ಕೇಳಿ ಕಿವಿ ತೂತಾದ ಜನ ನಾವು. ಒಬ್ಬ ವ್ಯಕ್ತಿಗೆ ತಲೆಬಾಗದ್ದನ್ನು ದೇಶದ್ರೋಹವೆನ್ನುವ ವಿದ್ಯೆ ಎಲ್ಲಿ ಬೆಳೆದರೂ ಅದರ ವಾಸನೆ ನಮ್ಮ ಮೂಗಿಗೆ ಬೇಗ ಬಡಿಯುತ್ತದೆ. ಅದನ್ನೇ ಬಲಿಷ್ಠ ನಾಯಕತ್ವವೆಂದು ನಮ್ಮ ಹುಡುಗರೂ ಕೊಂಡಾಡತೊಡಗಿದರೆ ನಾವು ಸುಮ್ಮನಿರಲಾರೆವು.

ಕಡೆಗೆ ಆ ಸುಂಕವನ್ನು ಕೋರ್ಟಿಗೆ ಎಳೆದವರು ಚಿನ್ನ ಒಯ್ದವರಲ್ಲ. ಮಕ್ಕಳ ಆಟಿಕೆ ಮಾಡುವ ಇಲಿನಾಯ್‌ನ ಒಂದು ಕಂಪನಿ, ವೈನ್ ತರಿಸುವ ನ್ಯೂಯಾರ್ಕಿನ ಒಂದು ಚಿಕ್ಕ ವ್ಯಾಪಾರ, ಇಂಥವರು. 2026ರ ಫೆಬ್ರವರಿ 20ರಂದು ಸುಪ್ರೀಂ ಕೋರ್ಟು ಆರು–ಮೂರರ ಬಹುಮತದಿಂದ, 1977ರ ಕಾಯ್ದೆ ಅಧ್ಯಕ್ಷರಿಗೆ ಸುಂಕ ಹಾಕುವ ಅಧಿಕಾರ ಕೊಡುವುದಿಲ್ಲವೆಂದಿತು. ಆ ಆರರಲ್ಲಿ ಟ್ರಂಪರೇ ನೇಮಿಸಿದ ಗೋರ್ಸಚ್ ಮತ್ತು ಬ್ಯಾರೆಟ್ ಇದ್ದರು. ಅವರು ಉಪ್ಪಿನ ಲೆಕ್ಕ ಸರಿಯಾಗಿ ಅರಿತವರು. ಅಧ್ಯಕ್ಷರು ಅವರನ್ನು ಹೀನಾಯವಾಗಿ ಜರೆದರು, ಅದೇ ದಿನ ಬೇರೊಂದು ಕಾಯ್ದೆ ಹುಡುಕಿ ಹೊಸ ಸುಂಕ ಸಾರಿದರು.

ವಸೂಲಾದ ಹಣವನ್ನು ಮರಳಿಸುವ ಬಗೆಯನ್ನು ಆ ತೀರ್ಪು ಹೇಳಲಿಲ್ಲ. ಮರಳಿದರೂ ಅದು ಸೇರುವುದು ಅಮೆರಿಕದ ಬಂದರಿನಲ್ಲಿ ಸುಂಕ ಕಟ್ಟಿದ ಆಮದುದಾರನಿಗೆ. ಆರ್ಡರ್ ರದ್ದಾದ ತಿಂಗಳುಗಳಲ್ಲಿ ಮುರಾದಾಬಾದಿನ ಪಾಲಿಶ್‌ನವನು ಕಳೆದುಕೊಂಡ ಕೂಲಿಗೆ, ಪೀಣ್ಯದ ಹೆಣ್ಣುಮಗಳ ಓವರ್‌ಟೈಮಿಗೆ ಆ ರಸೀದಿಯಲ್ಲಿ ಕಾಲಮ್ಮೇ ಇಲ್ಲ.