ಗಾಜಿನ ಕಪಾಟಿನ ಪರಿಗ್ರಹ

ನಮ್ಮ ಶ್ರಾವಕಾಚಾರ ಗ್ರಂಥಗಳು ಬಾಹ್ಯ ಪರಿಗ್ರಹವನ್ನು ಹತ್ತು ಬಗೆಯಾಗಿ ಎಣಿಸುತ್ತವೆ. ಹೊಲ, ಮನೆ, ಬೆಳ್ಳಿ, ಬಂಗಾರ, ದನಕರು, ಧಾನ್ಯ, ದಾಸಿ, ದಾಸ, ಬಟ್ಟೆ, ಪಾತ್ರೆ ಎಂದು ಆ ಪಟ್ಟಿ ಸಾಗುತ್ತದೆ. ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದ ಗೃಹಸ್ಥನು ಇವುಗಳಿಗೆ ಮಿತಿ ಹಾಕಿಕೊಳ್ಳುತ್ತಾನೆ. ಇಷ್ಟೇ ಚಿನ್ನ, ಇಷ್ಟೇ ಸೀರೆ, ಇಷ್ಟೇ ನಿವೇಶನ ಎಂದು ಬರೆದಿಟ್ಟುಕೊಂಡು ಬಾಳುವ ಮನೆಗಳು ಇಂದಿಗೂ ಇವೆ, ಅವುಗಳಿಗೆ ನಮೋನಮಃ. ಆದರೆ ಮಕ್ಕಳ ಪಾರಿತೋಷಕಗಳಿಗೆ ಮಿತಿ ಹಾಕಿಕೊಂಡ ಒಂದು ಮನೆಯನ್ನೂ ಈ ಲೇಖಕನು ಇದುವರೆಗೆ ಕಂಡಿಲ್ಲ. ಆ ಹತ್ತರ ಪಟ್ಟಿಗೆ ಹನ್ನೊಂದನೆಯದಾಗಿ ಸೇರಬೇಕಾದ ಪರಿಗ್ರಹವೊಂದು ನಮ್ಮ ಪಡಸಾಲೆಗಳಲ್ಲಿ ಗಾಜಿನ ಹಿಂದೆ ನಿಂತು ಹೊಳೆಯುತ್ತಿದೆ.

ವೈಟ್‌ಫೀಲ್ಡನ್ನೇ ತೆಗೆದುಕೊಳ್ಳೋಣ. 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ಬೇಸಾಯದ ವಸಾಹತುವಾಗಿ ಹುಟ್ಟಿದ ಈ ಊರು 1990ರ ದಶಕದಲ್ಲಿ ಟೆಕ್ ಪಾರ್ಕ್ ಬಂದ ಮೇಲೆ ಗುರುತು ಸಿಗದಷ್ಟು ಬದಲಾಯಿತು. 2023ರಲ್ಲಿ ಮೆಟ್ರೋ ರೈಲು ಕಾಡುಗೋಡಿಯವರೆಗೆ ಬಂದಿತು. ತುಳುನಾಡಿನಿಂದ, ಹಾಸನದಿಂದ, ಬೆಳಗಾವಿಯಿಂದ, ಮಾರವಾಡದಿಂದ, ಗುಜರಾತಿನಿಂದ ಬಂದ ನಮ್ಮ ಕುಟುಂಬಗಳು ಇಲ್ಲಿನ ಬಹುಮಹಡಿ ಕಟ್ಟಡಗಳಲ್ಲಿ ನೆಲೆಸಿವೆ. ಎರಡು ಕೋಣೆಯ ಮನೆ. ಅಜ್ಜ ಅಜ್ಜಿಯರಿಗೆ ಪ್ರತ್ಯೇಕ ಸ್ಥಳವಿಲ್ಲ. ಜಿನಬಿಂಬಕ್ಕೆ ಅಡುಗೆಮನೆಯ ಪಕ್ಕದಲ್ಲೊಂದು ಗೂಡು. ಆದರೆ ಬಾಗಿಲು ತೆರೆದೊಡನೆ ಎದುರಾಗುವ ಗೋಡೆ, ಮನೆಯಲ್ಲೆಲ್ಲ ಅತ್ಯುತ್ತಮವಾದ ಸ್ಥಳ, ಶೋಕೇಸಿಗೆ ಮೀಸಲು. ಅದರಲ್ಲಿ ಒಲಿಂಪಿಯಾಡ್ ಪದಕ, ಅಬ್ಯಾಕಸ್ ಕಪ್, ನೂರಕ್ಕೆ ನೂರು ಹಾಜರಾತಿಯ ಫಲಕ, ಲ್ಯಾಮಿನೇಟ್ ಮಾಡಿಸಿದ ಅಂಕಪಟ್ಟಿ. ಬಂದ ಅತಿಥಿಗೆ ನೀರು ಕೊಡುವುದಕ್ಕೆ ಮುಂಚೆ ಅದರ ದರ್ಶನವಾಗಬೇಕು. ದೇವರ ಗೂಡಿಗಿಂತ ಈ ಕಪಾಟಿಗೆ ಹೆಚ್ಚು ದೀಪಗಳಿರುವುದನ್ನು ನೋಡಿ ಈ ಲೇಖಕನಿಗೆ ನಗಬೇಕೋ ಅಳಬೇಕೋ ತಿಳಿಯದಾಗಿದೆ.

ಇದರಲ್ಲಿ ತಪ್ಪೇನು ಎಂದು ಕೇಳುವವರಿದ್ದಾರೆ. ಅವರ ವಾದ ದುರ್ಬಲವಾದುದಲ್ಲ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳಲ್ಲಿ ಪ್ರಮೋದವೂ ಒಂದು. ಗುಣವಂತರನ್ನು ಕಂಡು ಹರ್ಷಪಡುವುದು ಶ್ರಾವಕನ ಲಕ್ಷಣ. ಮಕ್ಕಳ ಗುಣಕ್ಕೆ ಹರ್ಷಪಟ್ಟರೆ ಅದು ಹೇಗೆ ದೋಷವಾದೀತು ಎಂಬುದು ಅವರ ಪ್ರಶ್ನೆ. ಉತ್ತರವನ್ನು ಅವರೇ ಪರೀಕ್ಷಿಸಿ ಕಂಡುಕೊಳ್ಳಬಹುದು. ಎದುರು ಮನೆಯ ಮಗುವಿಗೆ ಅದೇ ಪದಕ ಬಂದ ದಿನ ನಿಮ್ಮ ಹೃದಯ ಅಷ್ಟೇ ಅರಳಿತೇ? ಅರಳಿದ್ದರೆ ಅದು ಪ್ರಮೋದ. ಅರಳದಿದ್ದರೆ, ನೀವು ಗಾಜಿನ ಹಿಂದೆ ಇಟ್ಟಿರುವುದು 'ನನ್ನ ಮಗು' ಎಂಬುದರಲ್ಲಿನ 'ನನ್ನ' ಎಂಬ ಮಾತನ್ನು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹವನ್ನು ಮೂರ್ಛೆಯೆಂದೇ ಕರೆದರು. ವಸ್ತು ಚಿಕ್ಕದೋ ದೊಡ್ಡದೋ, ಅದಕ್ಕೆ ಬೆಲೆಯಿದೆಯೋ ಇಲ್ಲವೋ ಎಂಬುದು ಅಲ್ಲಿ ಗಣನೆಗೆ ಬರುವುದಿಲ್ಲ. ಅಂಟು ಎಷ್ಟು ಎಂಬುದೇ ಲೆಕ್ಕ. ಇನ್ನು ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಮೊದಲನೆಯದೇ ಜ್ಞಾನಮದ. ನಾವು ಅದಕ್ಕೊಂದು ಹೊಸ ರೂಪ ಕೊಟ್ಟಿದ್ದೇವೆ: ಓದಿದವನು ಮಗ, ಮದ ತಂದೆಗೆ.

ಮಗು ಬರೆದ ಚಿತ್ರವನ್ನೂ ಮಗುವಿಗೆ ಬಂದ ಬಹುಮಾನವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಚಿತ್ರವು ಮಗುವಿನ ಕೈಯಿಂದ ಹೊರಟದ್ದು. ಅದು ಕಂಡ ಹಸು, ಮಳೆ, ಅಜ್ಜಿಯ ಕನ್ನಡಕ, ಪಾಠಶಾಲೆಯಲ್ಲಿ ಕೇಳಿದ ಕಮಠನ ಕಥೆ ಎಲ್ಲವೂ ಅದರಲ್ಲಿ ಇಳಿದಿರುತ್ತವೆ. ಬಹುಮಾನವು ಬೇರೊಬ್ಬರು ಕೊಟ್ಟ ತೀರ್ಪು. ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೇನೆಂದರೆ, ತೀರ್ಪಿಗೆ ಗಾಜಿನ ಕಪಾಟು, ಚಿತ್ರಕ್ಕೆ ರದ್ದಿಯ ಚೀಲ. ಚಿತ್ರಕಲಾ ಸ್ಪರ್ಧೆಯ ಕಪ್ಪನ್ನು ಹತ್ತು ವರ್ಷ ಒರೆಸಿ ಇಟ್ಟ ತಾಯಿಯನ್ನು ಆ ದಿನ ಮಗಳು ಬರೆದ ಚಿತ್ರವೆಲ್ಲಿ ಎಂದು ಕೇಳಿ ನೋಡಿ. ಅದು ಇರುವುದಿಲ್ಲ.

ಇದು ವೈರಾಗ್ಯದ ಮಾತಷ್ಟೇ ಎಂದು ತಳ್ಳಿಹಾಕುವವರಿಗಾಗಿ ಪ್ರಯೋಗವೊಂದನ್ನು ಉಲ್ಲೇಖಿಸಬೇಕಾಗಿದೆ. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಚಿತ್ರ ಬರೆಯುವುದರಲ್ಲಿ ಸ್ವತಃ ಆಸಕ್ತಿಯಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ, ಬರೆದರೆ ಚಿನ್ನದ ಬಣ್ಣದ ನಕ್ಷತ್ರವೂ ಕೆಂಪು ಪಟ್ಟಿಯೂ ಇರುವ ಪ್ರಶಸ್ತಿಪತ್ರ ಕೊಡುವೆವೆಂದು ಮುಂಚಿತವಾಗಿಯೇ ಹೇಳಿದರು. ಎರಡನೆಯ ಗುಂಪಿಗೆ ಹೇಳದೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಕೆಲವು ದಿನಗಳ ನಂತರ ಆಟದ ಹೊತ್ತಿನಲ್ಲಿ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮುಂದಿಟ್ಟು ನೋಡಿದಾಗ, ಪ್ರಶಸ್ತಿಯ ಆಸೆಯಿಂದ ಬರೆದ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಹೇಳದೆ ಕೊಟ್ಟ ಪ್ರಶಸ್ತಿಯಿಂದ ಅಂಥ ಹಾನಿಯೇನೂ ಆಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕೆಡಿಸಿದ್ದು ಕಾಗದವಲ್ಲ, ಕಾಂಕ್ಷೆ. ನಿಃಕಾಂಕ್ಷಿತವನ್ನು ಸಮ್ಯಕ್ತ್ವದ ಎಂಟು ಅಂಗಗಳಲ್ಲೊಂದೆಂದು ಕಂಠಪಾಠ ಮಾಡಿಸುವ ನಾವೇ ಪಾಠಶಾಲೆಯ ಸ್ತೋತ್ರ ಸ್ಪರ್ಧೆಗೆ ಮೂರು ಗಾತ್ರದ ಕಪ್ಪುಗಳನ್ನು ಮೇಜಿನ ಮೇಲೆ ಮೊದಲೇ ಜೋಡಿಸಿಡುತ್ತೇವೆ!

ಶ್ರವಣಬೆಳಗೊಳದ ಜೈನ ಮಠದ ಭಿತ್ತಿಚಿತ್ರಗಳಲ್ಲಿ ಲೇಶ್ಯಾವೃಕ್ಷವಿದೆ. ನಮ್ಮ ಮಕ್ಕಳೂ ಪಾಠಶಾಲೆಯಲ್ಲಿ ಅದನ್ನು ಬರೆಯುತ್ತಾರೆ. ಹಣ್ಣಿಗಾಗಿ ಬುಡವನ್ನೇ ಕಡಿಯಹೊರಟವನು ಕೃಷ್ಣಲೇಶ್ಯೆಯವನು. ನೆಲಕ್ಕೆ ಬಿದ್ದ ಹಣ್ಣನ್ನು ಆಯ್ದುಕೊಳ್ಳುವವನು ಶುಕ್ಲಲೇಶ್ಯೆಯವನು. ಆ ಚಿತ್ರವನ್ನು ಬರೆದ ಮಗುವಿಗೆ 'ಫಸ್ಟ್ ಬಂತೇ?' ಎಂದು ಕೇಳುವ ತಂದೆತಾಯಿಗಳು ಆ ಮರದ ಯಾವ ಕೊಂಬೆಯಲ್ಲಿದ್ದಾರೆ, ಅಥವಾ ಕೊಡಲಿ ಹಿಡಿದು ಬುಡದಲ್ಲಿದ್ದಾರೆಯೇ ಎಂಬುದನ್ನು ಅವರೇ ಆಲೋಚಿಸಲಿ.

ಗಾಜಿನ ಕಪಾಟಿನಿಂದ ಅತಿ ಹೆಚ್ಚು ನೋಯುವುದು ಅದರಲ್ಲಿ ಏನೂ ಇಲ್ಲದ ಮಗು. ವೈಟ್‌ಫೀಲ್ಡಿನ ಒಂದು ಮನೆಯಲ್ಲಿ ಹಿರಿಯ ಮಗಳ ಬಹುಮಾನಗಳು ಎರಡು ಕಪಾಟುಗಳನ್ನು ತುಂಬಿ ಮೂರನೆಯದನ್ನು ಬಡಗಿಗೆ ಹೇಳಲಾಗಿತ್ತು. ಕಿರಿಯವನು ಓದಿನಲ್ಲಿ ಸಾಮಾನ್ಯ. ಅವನ ಚಿತ್ರಗಳು ಎಲ್ಲಿವೆ ಎಂದು ವಿಚಾರಿಸಿದಾಗ ಅವನು ತನ್ನ ಬಟ್ಟೆಯ ಬೀರುವಿನ ಬಾಗಿಲನ್ನು ತೆರೆದು ತೋರಿಸಿದನು. ಬಾಗಿಲಿನ ಒಳಮೈಗೆ, ಮುಚ್ಚಿದರೆ ಯಾರಿಗೂ ಕಾಣದಂತೆ, ಆರೇಳು ಹಾಳೆಗಳನ್ನು ಅನ್ನದ ಅಗುಳಿನಿಂದ ಅಂಟಿಸಿಕೊಂಡಿದ್ದನು. ಗೋಡೆಗೆ ಅಂಟಿಸಿದರೆ ಬಣ್ಣ ಕಿತ್ತುಬರುತ್ತದೆ ಎಂದು ಮನೆಯವರು ಬೇಡವೆಂದಿದ್ದರಂತೆ. ಗೋಡೆಯ ಬಣ್ಣದ ಬೆಲೆ ಅವರಿಗೆ ತಿಳಿದಿತ್ತು. ಉಪಗೂಹನ ಎಂಬ ಅಂಗವೂ ನಮ್ಮಲ್ಲಿದೆ. ಮತ್ತೊಬ್ಬರ ಕೊರತೆಯನ್ನು ಮುಚ್ಚುವುದು ಅದರ ಅರ್ಥ. ಅಕ್ಕನ ಅಂಕಪಟ್ಟಿಯನ್ನು ತಮ್ಮನು ದಿನವೂ ಊಟ ಮಾಡುವ ಗೋಡೆಯ ಮೇಲೆ ತೂಗುಹಾಕುವುದು, ತಮ್ಮನ ಕೊರತೆಯನ್ನು ದಿನಕ್ಕೆ ಮೂರು ಬಾರಿ ಬಿಚ್ಚಿ ತೋರಿಸಿದಂತೆಯೇ. ಒಂದು ಸಂಖ್ಯೆಯಿಂದ ಒಂದು ಜೀವವನ್ನು ಹೇಳಿ ಮುಗಿಸುವುದಕ್ಕೆ ನಮ್ಮ ದರ್ಶನದಲ್ಲಿ ಏಕಾಂತವಾದ ಎಂದು ಹೆಸರು. ಅನೇಕಾಂತದ ಮೇಲೆ ಪರ್ಯೂಷಣದಲ್ಲಿ ಉಪನ್ಯಾಸ ಏರ್ಪಡಿಸುವ ನಮಗೆ ಇಷ್ಟಾದರೂ ಹೊಳೆಯಬೇಡವೇ?

ಹಾಗಾದರೆ ಎಲ್ಲವನ್ನೂ ಎಸೆದುಬಿಡಬೇಕೇ? ಎಸೆಯಬೇಕೆಂದು ಈ ಲೇಖಕನ ಅಭಿಪ್ರಾಯವಲ್ಲ. ಕಾಪಿಡುವ ವಿದ್ಯೆಯಲ್ಲಿ ನಮ್ಮ ಸಮಾಜಕ್ಕಿರುವ ಅನುಭವ ಅಲ್ಪವಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳ 12ನೆಯ ಶತಮಾನದ ತಾಳೆಗರಿಗಳು ಕರಾವಳಿಯ ಮಳೆ ಹುಳುಗಳ ನಡುವೆಯೂ ಉಳಿದುಬಂದವು; ಕೆಲವು ಗರಿಗಳಲ್ಲಿ ಅಂದು ಬರೆದ ವರ್ಣಚಿತ್ರಗಳೂ ಉಳಿದಿವೆ. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರದಲ್ಲಿ ಕಟ್ಟಿಡುವ ಪದ್ಧತಿ ನಮ್ಮದು. ಶ್ವೇತಾಂಬರ ಬಂಧುಗಳಿಗೆ ಕಾರ್ತಿಕದ ಜ್ಞಾನಪಂಚಮಿಯಿದೆ. ಮಕ್ಕಳ ಚಿತ್ರಗಳಿಗೆ ಈ ದಿನವೇ ಸಾಕು. ವರ್ಷದ ಹಾಳೆಗಳನ್ನೆಲ್ಲ ಚಾಪೆಯ ಮೇಲೆ ಹರಡಿ, ಮಗುವನ್ನೇ ಆರಿಸಹೇಳಬೇಕು. ತಾಯಿಗೆ ಇಷ್ಟವಾದುದನ್ನು ಮಗು ಬಿಡಬಹುದು, ಗೀಚಿದ್ದನ್ನು ಇಟ್ಟುಕೊಳ್ಳಬಹುದು; ಹಿರಿಯರು ಬಾಯಿ ಹಾಕಬಾರದು. ಹತ್ತು ಹಾಳೆ ಉಳಿದರೆ ಹದಿನೈದು ವರ್ಷಕ್ಕೆ ನೂರೈವತ್ತು; ಒಂದು ಕಟ್ಟು. ಉಳಿದವುಗಳ ಹಿಂಬದಿ ಖಾಲಿಯಿದ್ದರೆ ಲೆಕ್ಕ ಮಾಡಲು ಆದೀತು, ಆಮೇಲೆ ಒಣಕಸಕ್ಕೆ ಹೋಗಲಿ. ಲ್ಯಾಮಿನೇಟ್ ಮಾಡಿಸಿದ್ದು ಮಾತ್ರ ಯಾವ ಕಸಕ್ಕೂ ಸಲ್ಲದು; ಕಾಗದವನ್ನೂ ಪ್ಲಾಸ್ಟಿಕ್ಕನ್ನೂ ಬೇರ್ಪಡಿಸುವುದು ದುಸ್ಸಾಧ್ಯವಾದುದರಿಂದ ಅದನ್ನು ಪುನರ್ಬಳಕೆಗೆ ಯಾರೂ ಕೊಳ್ಳುವುದಿಲ್ಲ.

ಇಡುವ ಕ್ರಮದಲ್ಲೂ ಅಹಿಂಸೆಯ ವಿಚಾರವಿದೆ. ಕಾಗದಕ್ಕೆ ಹುಳು ಬಂದ ಮೇಲೆ ವಿಷ ಸಿಂಪಡಿಸಿ ಕೊಲ್ಲುವುದೂ, ಬೀರುವಿನ ತುಂಬ ನುಸಿಗುಳಿಗೆ ಹಾಕಿ ಹುಳುಗಳನ್ನೂ ಮಕ್ಕಳ ಉಸಿರನ್ನೂ ಒಟ್ಟಿಗೆ ಕೆಡಿಸುವುದೂ ಶ್ರಾವಕರ ಮನೆಗೆ ಒಪ್ಪುವುದಿಲ್ಲ. ಹುಳು ಬಾರದಂತೆ ನೋಡಿಕೊಳ್ಳುವುದೇ ಯತ್ನಾಚಾರ. ಹಾಳೆಗಳನ್ನು ಸುತ್ತದೆ ಚಪ್ಪಟೆಯಾಗಿ ಇಡಬೇಕು. ತುಕ್ಕು ಹಿಡಿಯುವ ಪಿನ್ನನ್ನೂ ಹಳದಿಯಾಗುವ ಅಂಟುಪಟ್ಟಿಯನ್ನೂ ತೆಗೆಯಬೇಕು. ಮೇಣದ ಬಣ್ಣ ಒಂದಕ್ಕೊಂದು ಅಂಟದಂತೆ ನಡುವೆ ಬಿಳಿಯ ಹಾಳೆಯಿರಲಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು, ದಿನ, ಮಗು ತನ್ನ ಬಾಯಲ್ಲಿ ಚಿತ್ರದ ಬಗ್ಗೆ ಹೇಳಿದ ಒಂದು ಮಾತು. ಒಗೆದ ಹತ್ತಿಬಟ್ಟೆಯಲ್ಲಿ ಕಟ್ಟಿ, ಚೆನ್ನಾಗಿ ಒಣಗಿದ ಬೇವಿನೆಲೆಯಿಟ್ಟು, ಮಳೆನೀರು ಜಿನುಗುವ ಹೊರಗೋಡೆಗೆ ತಾಗದ ಕಪಾಟಿನಲ್ಲಿ ಇಟ್ಟರಾಯಿತು. ಗೋಡೆಯ ಮೇಲೆ ಹಾಕುವುದಾದರೆ ಒಂದು ದಾರ, ನಾಲ್ಕು ಬಟ್ಟೆ ಕ್ಲಿಪ್ಪು, ಮಗುವಿನ ಕಣ್ಣಿನೆತ್ತರದಲ್ಲಿ. ಹೊಸದು ಬಂದಾಗ ಹಳೆಯದು ಇಳಿಯಲಿ. ಎಲ್ಲ ಮಕ್ಕಳಿಗೂ ಸಮನಾದ ಸ್ಥಳ.

ಇನ್ನು ಬಸದಿಗಳ ಟ್ರಸ್ಟುಗಳ ವಿಚಾರ. ಮನೆಯ ಕಪಾಟಿಗೆ ಸರಕು ಒದಗಿಸುವವರಲ್ಲಿ ಇವರೂ ಇದ್ದಾರೆ ಎಂಬುದನ್ನು ಮುಲಾಜಿಲ್ಲದೆ ಹೇಳಬೇಕಾಗಿದೆ. ವರ್ಷಕ್ಕೊಮ್ಮೆ ಪ್ರತಿಭಾ ಪುರಸ್ಕಾರ. ತೊಂಬತ್ತರ ಮೇಲೆ ಬಂದವರಿಗೆ ಶಾಲು, ಹಾರ, ಪ್ಲಾಸ್ಟಿಕ್ಕಿನ ಸ್ಮರಣಿಕೆ. ಎಂಬತ್ತೊಂಬತ್ತು ಬಂದವನು ಸಭೆಯಲ್ಲಿ ಕುಳಿತು ಚಪ್ಪಾಳೆ ತಟ್ಟಬೇಕು. ದಾರಿಯಲ್ಲಿ ಮಕ್ಕಳ ಭಾವಚಿತ್ರವೂ ಶೇಕಡಾವಾರು ಅಂಕವೂ ಇರುವ ಫ್ಲೆಕ್ಸ್. ಕರ್ನಾಟಕ ಸರ್ಕಾರವು 2016ರಲ್ಲಿ ಪ್ಲಾಸ್ಟಿಕ್ ಚೀಲಗಳೊಂದಿಗೆ ಫ್ಲೆಕ್ಸ್ ಬ್ಯಾನರುಗಳನ್ನೂ ನಿಷೇಧಿಸಿತೆಂಬುದು ಪದಾಧಿಕಾರಿಗಳಿಗೆ ತಿಳಿಯದ ಸಂಗತಿಯೇನಲ್ಲ. ಅನಾರೋಗ್ಯಕರ ಪೈಪೋಟಿಯನ್ನು ತಪ್ಪಿಸುವ ಉದ್ದೇಶದಿಂದ 2023ರಲ್ಲಿ ಸಿಬಿಎಸ್ಇ ಮಂಡಲಿಯು ಶ್ರೇಯಾಂಕ ಪಟ್ಟಿಯನ್ನು ಪ್ರಕಟಿಸುವುದಿಲ್ಲವೆಂದು ಹೇಳಿತು. ಲಕ್ಷಾಂತರ ಮಕ್ಕಳ ಪರೀಕ್ಷೆ ನಡೆಸುವ ಸಂಸ್ಥೆಯೇ ಕೈಬಿಟ್ಟ ಪಟ್ಟಿಯನ್ನು ವೀತರಾಗನ ಸನ್ನಿಧಿಯಲ್ಲಿ ಧ್ವನಿವರ್ಧಕದಲ್ಲಿ ಓದುವ ಅಗತ್ಯವೇನಿದೆ? ವಿಂಧ್ಯಗಿರಿಯ ಗೊಮ್ಮಟನ ಪಾದದ ಬಳಿಯ ಶಾಸನಗಳಲ್ಲಿ ಮಾಡಿಸಿದ ಚಾವುಂಡರಾಯನ ಹೆಸರಿದೆ, ಸುತ್ತಾಲಯವನ್ನು ಮಾಡಿಸಿದ ಗಂಗರಾಜನ ಹೆಸರಿದೆ. ಕಡೆದ ಶಿಲ್ಪಿಯ ಹೆಸರಿಲ್ಲ. ಮಾಡಿಸಿದವರ ಹೆಸರಿಗೆ ನಮ್ಮಲ್ಲಿ ಮೊದಲಿನಿಂದಲೂ ಜಾಗವಿತ್ತು. ಆ ಚಾಳಿಯನ್ನು ಮಕ್ಕಳವರೆಗೆ ತರುವುದು ಬೇಡ.

ದಾನಚಿಂತಾಮಣಿ ಅತ್ತಿಮಬ್ಬೆ ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಹಂಚುವ ಮೊದಲು ಯಾರ ಅಂಕವನ್ನಾದರೂ ಕೇಳಿದಳೆಂದು ಎಲ್ಲಿಯೂ ಹೇಳಿಲ್ಲ. ಸ್ಮರಣಿಕೆ, ಶಾಲು, ಫ್ಲೆಕ್ಸುಗಳಿಗೆ ಆಗುವ ವೆಚ್ಚದಲ್ಲಿ ಪಾಠಶಾಲೆಗೆ ಬರುವ ಪ್ರತಿಯೊಂದು ಮಗುವಿಗೂ ಒಳ್ಳೆಯ ಕಾಗದದ ಒಂದು ಚಿತ್ರಪುಸ್ತಕವನ್ನೂ ಒಂದು ಡಬ್ಬಿ ಬಣ್ಣವನ್ನೂ ಕೊಡಬಹುದು. ಓದಲು ಹಣದ ಅಡಚಣೆಯಿರುವ ಮಕ್ಕಳಿಗೆ ಸದ್ದಿಲ್ಲದೆ ಶುಲ್ಕ ಕಟ್ಟಬಹುದು. ಅದಕ್ಕೆ ವೇದಿಕೆ ಬೇಡ, ಛಾಯಾಚಿತ್ರವೂ ಬೇಡ. ಬರುವ ಶ್ರುತಪಂಚಮಿಯಂದು ಶಾಸ್ತ್ರಗಳ ಪೂಜೆಯಾದ ಮೇಲೆ ಸಭಾಭವನದಲ್ಲಿ ದಾರ ಕಟ್ಟಿ, ಮಕ್ಕಳು ತಾವೇ ಆರಿಸಿ ತಂದ ಒಂದೊಂದು ಚಿತ್ರವನ್ನು ತೂಗುಹಾಕಿಸಲಿ. ತೀರ್ಪುಗಾರರಿರಬಾರದು. ಸಂಜೆಯಾದ ಮೇಲೆ ಚಿತ್ರಗಳನ್ನು ಬಿಚ್ಚಿ ಮಕ್ಕಳ ಕೈಗೇ ಹಿಂದಿರುಗಿಸಬೇಕು, ತಂದೆತಾಯಿಗಳ ಕೈಗೆ ಕೊಡಕೂಡದು.