ಬಿಗಿ ಹೆಚ್ಚಿದರೆ ಸೋರಿಕೆ ನಿಲ್ಲದು

ಕಾರಿನ ಬಾನೆಟ್ ಎತ್ತಿದರೆ ಎಂಜಿನ್ನಿನ ನೆತ್ತಿಯ ಮೇಲೆ ಉದ್ದನೆಯ ಮುಚ್ಚಳವೊಂದು ಕಾಣುತ್ತದೆ. ಎಣ್ಣೆ ಸುರಿಯುವ ಬಿರಡೆ ಇರುವುದೂ ಸಾಮಾನ್ಯವಾಗಿ ಇದರ ಮೇಲೆಯೇ. ಪುಸ್ತಕದಲ್ಲಿ ಇದರ ಹೆಸರು ವಾಲ್ವ್ ಕವರ್; ಗ್ಯಾರೇಜಿನಲ್ಲಿ ಟ್ಯಾಪೆಟ್ ಕವರ್. ಮುಚ್ಚಳಕ್ಕೂ ಎಂಜಿನ್ನಿಗೂ ನಡುವೆ ಕೂರುವ ಗ್ಯಾಸ್ಕೆಟ್ಟನ್ನು ಮೆಕ್ಯಾನಿಕ್‌ಗಳು ಪ್ಯಾಕಿಂಗ್ ಎನ್ನುತ್ತಾರೆ. ಕಾರು ಹಳೆಯದಾದಂತೆ ಈ ಅಂಚಿನಲ್ಲಿ ಎಣ್ಣೆ ಜಿನುಗತೊಡಗುತ್ತದೆ. ಮೊದಲು ದೂಳು ಹಿಡಿದ ಜಿಡ್ಡು, ಆಮೇಲೆ ಸುಟ್ಟ ಎಣ್ಣೆಯ ವಾಸನೆ. ಕಾದ ಹೊಗೆ ಕೊಳವೆಯ ಮೇಲೆ ಎಣ್ಣೆ ತೊಟ್ಟಿಕ್ಕಿದರೆ ಬೆಂಕಿ ಹತ್ತುವುದೂ ಉಂಟು. ಯಾರೂ ಗಮನಿಸದೆ ಎಣ್ಣೆ ತಳ ಕಂಡಿತೋ, ಎಂಜಿನ್ನೇ ಜಾಮ್ ಆಗುತ್ತದೆ.

ಸೋರಿಕೆ ಕಂಡ ಕೂಡಲೇ ಸ್ಪ್ಯಾನರ್ ಹಿಡಿದು ಬೋಲ್ಟುಗಳನ್ನು ಇನ್ನಷ್ಟು ಬಿಗಿಯುವುದು ಬಹುಮಂದಿಯ ಅಭ್ಯಾಸ. ಕೆಲಸ ಕಲಿಯಲು ಬಂದ ಹುಡುಗರಂತೂ ತೋಳಿನಲ್ಲಿ ಇರುವ ಬಲವನ್ನೆಲ್ಲ ಹಾಕುತ್ತಾರೆ. ಹೀಗೆ ಮಾಡುವುದರಿಂದ ಸೋರಿಕೆ ಹೆಚ್ಚುವುದೇ ಹೆಚ್ಚು. ಕಾರಣ ತಿಳಿಯಬೇಕಾದರೆ ಆ ಮುಚ್ಚಳದ ಕೆಳಗೆ ಏನು ನಡೆಯುತ್ತದೆಂದು ನೋಡಬೇಕು.

ಪಂಪು ಎಣ್ಣೆಯನ್ನು ಒತ್ತಡದಿಂದ ಮೇಲಕ್ಕೆ ತಳ್ಳುವುದು ನಿಜ. ಆದರೆ ವಾಲ್ವುಗಳನ್ನು ಆಡಿಸುವ ಭಾಗಗಳಿಗೆ ಜಾರುತನ ಕೊಟ್ಟು ಹೊರಬಂದ ಮೇಲೆ ಆ ಎಣ್ಣೆಗೆ ಒತ್ತಡವೇ ಇರುವುದಿಲ್ಲ. ಅದು ಚಿಮ್ಮಿ, ಹರಿದು, ರಂಧ್ರಗಳ ಮೂಲಕ ತನ್ನ ಭಾರದಿಂದಲೇ ತಳದ ತೊಟ್ಟಿಗೆ ಇಳಿಯುತ್ತದೆ. ಎಂದರೆ ಪ್ಯಾಕಿಂಗ್ ತಡೆಯಬೇಕಾದದ್ದು ಬರಿಯ ಚಿಮ್ಮುವ ಎಣ್ಣೆಯನ್ನು. ಅದಕ್ಕೆ ಬೇಕಾದದ್ದು ಭಾರಿ ಬಲವಲ್ಲ, ಸುತ್ತಲೂ ಒಂದೇ ಸಮನಾದ ಹಗುರ ಒತ್ತು. ಪ್ಯಾಕಿಂಗಿನ ಗುಣವೆಲ್ಲ ಅದರ ಪುಟಿಯುವಿಕೆಯಲ್ಲಿದೆ. ಕಾವಿಗೆ ಬೆಂದು ಗಟ್ಟಿಯಾದ ರಬ್ಬರ್ ಆ ಗುಣ ಕಳೆದುಕೊಂಡಿರುತ್ತದೆ. ಪ್ರೆಷರ್ ಕುಕ್ಕರಿನ ರಬ್ಬರ್ ಸೆಡೆತು ಆವಿ ಸೋರಿದರೆ ಮನೆಯಲ್ಲಿ ಯಾರೂ ಮುಚ್ಚಳವನ್ನು ಸುತ್ತಿಗೆಯಿಂದ ಬಡಿಯುವುದಿಲ್ಲವಷ್ಟೆ!

2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರಿನ ಹಳೆಯ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಇದಕ್ಕೆ ಒಳ್ಳೆಯ ಪಾಠ. ಅದರ ಮುಚ್ಚಳ ತಗಡಿನದು, ಪ್ಯಾಕಿಂಗ್ ಬೆಂಡಿನದು, ಹಿಡಿದಿಡುವುದು ನೆತ್ತಿಯ ಮೇಲಿನ ಎರಡೇ ನಟ್ಟು. ಬಿಗಿ ಮಿತಿ ಮೀರಿದರೆ ತಗಡು ಬಾಗುತ್ತದೆ, ಬೆಂಡು ನಜ್ಜುಗುಜ್ಜಾಗಿ ಹೊರಗೆ ಇಣುಕುತ್ತದೆ. ಈಗಿನ ಕಾರುಗಳಲ್ಲಿ ರಬ್ಬರ್ ಪ್ಯಾಕಿಂಗ್ ಇದೆ, ಆದರೆ ಎಷ್ಟೋ ಮುಚ್ಚಳಗಳು ಪ್ಲಾಸ್ಟಿಕ್ಕಿನವು. ಅವು ಬಾಗುವುದಿಲ್ಲ, ಸೀಳುತ್ತವೆ.

ಎಷ್ಟು ಬಿಗಿ ಸಾಕು? ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 8ರಿಂದ 12 ನ್ಯೂಟನ್ ಮೀಟರ್. ಖಚಿತ ಸಂಖ್ಯೆ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಟಾರ್ಕ್ ಎಂದರೆ ಬಲ ಮತ್ತು ದೂರದ ಗುಣಲಬ್ಧ ಎಂದು ಪಿಯುಸಿ ವಿದ್ಯಾರ್ಥಿಗಳು ಓದಿರುತ್ತಾರೆ. 10 ನ್ಯೂಟನ್ ಮೀಟರ್ ಎಂದರೆ 10 ಸೆಂಟಿಮೀಟರ್ ಸ್ಪ್ಯಾನರಿನ ತುದಿಗೆ ಸುಮಾರು 10 ಕಿಲೋ ತೂಗುಹಾಕಿದಷ್ಟು. ಅದೇ ಎಳೆತವನ್ನು 30 ಸೆಂಟಿಮೀಟರ್ ಹಿಡಿಯಲ್ಲಿ ಹಾಕಿದರೆ ಮೂರು ಪಟ್ಟು! ಬೋಲ್ಟ್ ಮುರಿಯುವುದು, ಅಲ್ಯೂಮಿನಿಯಂನ ಥ್ರೆಡ್ ಹೋಗುವುದು ಆಗಲೇ. ಕೆಲವು ನೂರು ರೂಪಾಯಿಯಲ್ಲಿ ಮುಗಿಯಬೇಕಾದ ಕೆಲಸ ಸಾವಿರಗಳಿಗೆ ಏರುತ್ತದೆ. ಟಾರ್ಕ್ ರೆಂಚ್ ಬಳಸಲು ಹೇಳಿಕೊಡುವ ಗ್ಯಾರೇಜು ಸಿಕ್ಕರೆ ಮಗನನ್ನೋ ಮಗಳನ್ನೋ ಧೈರ್ಯವಾಗಿ ಅಲ್ಲಿಗೆ ಕಳುಹಿಸಬಹುದು.

ನಿಜವಾದ ಕೆಲಸ ಇರುವುದು ಶುಚಿ ಮಾಡುವುದರಲ್ಲಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬಿಚ್ಚುವ ಮುನ್ನವೇ ಸುತ್ತಲ ದೂಳು ಒರೆಸಬೇಕು. ಇಲ್ಲವಾದರೆ ಅದೆಲ್ಲ ಒಳಗೆ ಬೀಳುತ್ತದೆ. ಅಂಟಿಕೊಂಡ ಮುಚ್ಚಳವನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬಿಡಿಸಬೇಕೇ ಹೊರತು ಸ್ಕ್ರೂಡ್ರೈವರ್ ತೂರಿಸಿ ಮೀಟಬಾರದು. ಅಂಚಿನಲ್ಲಿ ಬಿದ್ದ ಒಂದು ಗೀರು ಸಾಕು, ಎಣ್ಣೆಗೆ ಅದೇ ಕಾಲುವೆ. ಎಣ್ಣೆ ಇಳಿಯುವ ರಂಧ್ರಗಳಿಗೆ ಬಟ್ಟೆ ತುರುಕಿ ಹಳೆಯ ಪ್ಯಾಕಿಂಗಿನ ಚೂರುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಬೇಕು. ಎಷ್ಟು ಬಟ್ಟೆ ತುರುಕಿತ್ತೋ ಅಷ್ಟನ್ನೂ ಎಣಿಸಿ ಹೊರತೆಗೆಯಬೇಕು. ಉಪ್ಪುಕಾಗದ ಬೇಡ, ಅದರ ಮರಳು ಎಣ್ಣೆಯೊಡನೆ ಸೇರಿ ಬೇರಿಂಗುಗಳನ್ನು ತಿನ್ನುತ್ತದೆ. ಕೊನೆಗೆ ಎರಡೂ ಅಂಚುಗಳನ್ನು ಜಿಡ್ಡಿಲ್ಲದಂತೆ ಒಣಗಿಸಬೇಕು. ಮುಚ್ಚಳ ಸೊಟ್ಟಗಾಗಿದೆಯೇ ಎಂದು ನೋಡಲು ಗಾಜಿನ ಹಲಗೆಯ ಮೇಲೆ ಬೋರಲು ಇಟ್ಟರಾಯಿತು.

ಸಿಲಿಕಾನ್ ಪೇಸ್ಟನ್ನು ಸುತ್ತಲೂ ಬಳಿಯುವ ಚಟ ಇನ್ನೊಂದು. ಒಳಗೆ ಉಬ್ಬಿದ ಪೇಸ್ಟು ಉದುರಿ ಪಂಪಿನ ಜಾಲರಿಗೆ ಅಡ್ಡಲಾದರೆ ಎಣ್ಣೆಯ ದಾರಿಯೇ ಮುಚ್ಚುತ್ತದೆ. ಎರಡು ಭಾಗಗಳು ಕೂಡುವ ಮೂಲೆಗಳಲ್ಲಿ ಕೈಪಿಡಿ ಹೇಳಿದ ಕಡೆ ಒಂದೊಂದು ಬೊಟ್ಟು ಸಾಕು. ಬೋಲ್ಟುಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸಿ, ಕೈಪಿಡಿ ಬೇರೆ ಕ್ರಮ ಹೇಳದಿದ್ದರೆ, ನಡುವಿನಿಂದ ತುದಿಗಳ ಕಡೆಗೆ ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು.

ಇಷ್ಟಾದರೂ ಸೋರಿದರೆ ತಪ್ಪು ಪ್ಯಾಕಿಂಗಿನದಲ್ಲದಿರಬಹುದು. ಪಿಸ್ಟನ್ ಪಕ್ಕದಿಂದ ನುಸುಳುವ ಅನಿಲವನ್ನು ಮತ್ತೆ ಎಂಜಿನ್ನಿನ ಉಸಿರಿಗೆ ಸೇರಿಸುವ ‘ಪಿಸಿವಿ’ ವಾಲ್ವ್ ಎಂಬ ಚಿಕ್ಕ ಕವಾಟವೊಂದಿದೆ. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಬೆಳೆದು, ಹೊಸ ಪ್ಯಾಕಿಂಗಿನ ಸಂದಿಯಿಂದಲೂ ಎಣ್ಣೆಯನ್ನು ತಳ್ಳುತ್ತದೆ. ಕೆಲವು ಕಾರುಗಳಲ್ಲಿ ಈ ಕವಾಟ ಮುಚ್ಚಳದೊಳಗೇ ಬೆಸೆದುಕೊಂಡಿರುವುದರಿಂದ ಇಡೀ ಮುಚ್ಚಳವನ್ನೇ ಬದಲಿಸಬೇಕಾಗುತ್ತದೆ. ಹೊಸದನ್ನು ಕೂರಿಸುವಾಗ ಬೋಲ್ಟಿನಡಿಯ ರಬ್ಬರ್ ಬಿಲ್ಲೆಗಳು, ಸ್ಪಾರ್ಕ್ ಪ್ಲಗ್ ಕುಳಿಯ ಸುತ್ತಿನ ಸೀಲುಗಳು ಹೊಸವೇ ಇರಲಿ. ಎಂಜಿನ್ ಓಡಿಸಿ, ಟಾರ್ಚ್ ಹಿಡಿದು ಸುತ್ತಲೂ ನೋಡಬೇಕು. ಹಿಂಬದಿಯ ಅಂಚು ಕಣ್ಣಿಗೆ ಬೀಳದ ಜಾಗವಾದ್ದರಿಂದ ಅಲ್ಲಿ ಬೆರಳಾಡಿಸಲು ಮಾತ್ರ ಎಂಜಿನ್ ಮತ್ತೆ ಆರುವವರೆಗೆ ಕಾಯಬೇಕು.